ಕೊಂಕಲ್ ಹುಡುಗಿಯ ಬಯೋಡೇಟಾ

ಗ್ರಂಥಾಲಯದಲ್ಲಿ ಕೂತವನ ಹತ್ತಿರ ಜನ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳುತ್ತಾರೆ. ಯಾದಗಿರಿಯ ಒಂದು ನರ್ಸಿಂಗ್ ಕಾಲೇಜಿನ ಗ್ರಂಥಪಾಲಕನಾಗಿ ನಾನು ಅಂಟು, ಪಿನ್ನು, ರೈಲಿನ ವೇಳೆ, ಒಮ್ಮೆ ಹಲ್ಲುನೋವಿನ ಗುಳಿಗೆ, ಇಷ್ಟನ್ನೂ ಕೊಟ್ಟಿದ್ದೇನೆ. ಕೊನೆಯ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಕೇಳುವುದು ಬಯೋಡೇಟಾ. ಓದುವವನಿಗೆ ಬರೆಯಲೂ ಬರುತ್ತದೆ ಎಂದು ಅವರ ನಂಬಿಕೆ.

ಇಲ್ಲಿ ಹೇಳುವುದು ಒಬ್ಬಳದೇ ಕಥೆ. ಕೊಂಕಲ್ಲಿನ ಹುಡುಗಿ. ಹಿಂದಿನ ವರ್ಷ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಈಕೆ ಅದೇ ವಾರ್ಡಿಗೆ ಕಲಿಯಲು ಬರುತ್ತಿದ್ದಳು. ದಿನಾ ಬೆಳಿಗ್ಗೆ ಹೆಂಡತಿಯ ತಲೆ ಬಾಚಿ ಜಡೆ ಹಾಕುತ್ತಿದ್ದಳು. ನನಗೆ ಜಡೆ ಹಾಕಲು ಬರುವುದಿಲ್ಲ. ಹೆಂಡತಿ ಉಳಿಯಲಿಲ್ಲ. ಹುಡುಗಿ ಪಾಸಾದಳು.

ನೌಕರಿ ಹುಡುಕಲು ಅವಳ ಅಣ್ಣ ಗಡುವು ಕೊಟ್ಟಿದ್ದ. "ಹತ್ತಿ ಒಡಿಯೋತನಕ ನೋಡು. ಆಮ್ಯಾಲ ವೈನಿ ಕೂಡ ಹೊಲಕ್ಕ ಹೋಗು."

"ಹತ್ತಿ ಹೆಂಗದ ಈ ಸಲ?" ಎಂದು ಕೇಳಿದೆ.

"ಭಾಳ ಛಲೊ ಬಂದದ್ರಿ," ಎಂದಳು, ಮುಖ ಸಣ್ಣದು ಮಾಡಿಕೊಂಡು.

ಬೆಳೆ ಚೆನ್ನಾಗಿ ಬಂತೆಂದು ಬೇಸರಪಟ್ಟ ರೈತರ ಮಗಳನ್ನು ನಾನು ನೋಡಿದ್ದು ಅದೇ ಮೊದಲು.

ಎದ್ದು ಕಾಣಬೇಕು

ಶಹಾಪುರದ ಒಂದು ಆಸ್ಪತ್ರೆಗೆ ಮೊದಲ ಅರ್ಜಿ. ನೂರು ಅರ್ಜಿಗಳ ನಡುವೆ ನಿನ್ನದು ಎದ್ದು ಕಾಣಬೇಕು ಎಂದು ನಾನೇ ಹೇಳಿದ್ದೆ. ಆ ಮಾತನ್ನು ಅವಳು ಹಾಗೆಯೇ ಒಯ್ದು ಶಹಾಪುರ ಬಸ್‌ಸ್ಟ್ಯಾಂಡಿನ ಮುಂದಿನ ಕಂಪ್ಯೂಟರ್ ಅಂಗಡಿಯವನಿಗೆ ಹೇಳಿದಳು.

"ಬಯೋಡೇಟಾ ಮಾಡಬೇಕ್ರಿ. ಎದ್ದು ಕಾಣಬೇಕು."

"ಭಾಳ ಮಾಡೀನ್ ತಂಗಿ, ಚಿಂತಿ ಮಾಡಬ್ಯಾಡ," ಎಂದನಂತೆ ಅವನು.

ಅವನು ಮಾಡಿದ್ದು ಭಾಳ ಹೌದು, ಆದರೆ ಎಲ್ಲ ಮದುವೆಯ ಬಯೋಡೇಟಾ. ಗುಲಾಬಿ ಬಣ್ಣದ ಹಾಳೆ. ಮೇಲೆ ಗಣಪತಿ. ನಾಲ್ಕು ಮೂಲೆಗೂ ಹೂವು. ರಾಶಿ, ನಕ್ಷತ್ರ, ಎತ್ತರ, ಮೈಬಣ್ಣ ಗೋಧಿ. ಕೆಳಗೆ ಸಣ್ಣ ಅಕ್ಷರದಲ್ಲಿ, ನರ್ಸಿಂಗ್ ಆಗಿದೆ.

"ನೀ ನೋಡಲಿಲ್ಲೇನು?"

"ನೋಡೀನ್ರಿ. ಛಲೊ ಕಾಣಾಕತ್ತಿತ್ತು."

ಒಂದು ವಾರಕ್ಕೆ ಆಸ್ಪತ್ರೆಯ ಆಫೀಸಿನಿಂದ ಅಣ್ಣನ ನಂಬರಿಗೆ ಫೋನು ಬಂತು. ಹಿರಿಯ ದನಿ, ಬಹಳ ಮರ್ಯಾದೆಯ ಮಾತು.

"ನಿಮ್ಮ ಕಾಗದ ಮುಟ್ಟೇದ್ರಿ. ಹುಡುಗಿ ಒಳ್ಳೇಕಿ ಕಾಣ್ತಾಳ. ಆದ್ರ ನಮ್ಮ ಡಾಕ್ಟರ್‌ಗೆ ಮದುವಿ ಆಗೇದ."

ಕವರ್ ಲೆಟರ್

ಎರಡನೆಯದು ಸುರಪುರದ ಒಂದು ನರ್ಸಿಂಗ್ ಹೋಮು. ಈ ಸಲ ಬಯೋಡೇಟಾ ನಾನೇ ಟೈಪು ಮಾಡಿಕೊಟ್ಟೆ. ಹೂವಿಲ್ಲ, ಗಣಪತಿಯಿಲ್ಲ. ಜೊತೆಗೊಂದು ಕವರ್ ಲೆಟರ್ ಬೇಕು, ನೀನೇ ಬರೆದುಕೊಂಡು ಬಾ ಎಂದೆ.

ಮರುದಿನ ಅವಳು ಹನ್ನೆರಡು ಲಕೋಟೆ ತಂದು ಮೇಜಿನ ಮೇಲಿಟ್ಟಳು. "ಯಾವ ಸೈಜ್ ಅಂತ ಹೇಳಲಿಲ್ಲಲ್ರಿ. ಎಲ್ಲಾ ಸೈಜೂ ತಂದೀನಿ."

ಕವರ್ ಲೆಟರ್ ಎಂದರೆ ಕವರಲ್ಲ, ಲೆಟರ್ ಎಂದು ತಿಳಿಸಿದೆ. ನೀನು ಯಾರು, ನಿನಗೆ ಈ ಕೆಲಸ ಯಾಕೆ ಬೇಕು, ನಿನ್ನಿಂದ ಅವರಿಗೇನು ಉಪಯೋಗ, ಒಂದು ಪುಟದಲ್ಲಿ ಬರಿ ಎಂದೆ. ತಲೆಯಾಡಿಸಿ ಹೋದಳು. ಬರೆದು, ನನಗೆ ತೋರಿಸದೆ ಸುರಪುರಕ್ಕೆ ಕಳಿಸಿಬಿಟ್ಟಳು.

ಅಲ್ಲಿಂದ ಉತ್ತರ ಬಂದಾಗಲೇ ನಾನು ಆ ಪತ್ರ ನೋಡಿದ್ದು. ಅವಳದೇ ಪತ್ರ ತಿರುಗಿ ಬಂದಿತ್ತು. "ಮಾನ್ಯರೇ, ನನಗೆ ನೌಕರಿಯ ತೀವ್ರ ಅವಶ್ಯಕತೆ ಉಂಟಾಗಿರುವುದರಿಂದ, ದಯಮಾಡಿ ಬರುವ ಒಂದನೇ ತಾರೀಖಿನಿಂದ ಮಂಜೂರು ಮಾಡಬೇಕಾಗಿ ವಿನಂತಿ. ತಮ್ಮ ವಿಧೇಯ ವಿದ್ಯಾರ್ಥಿನಿ." ಅದರ ಅಂಚಿಗೆ ಯಾರೋ ಗುಮಾಸ್ತರು, ಪೂರ್ತಿ ಓದುವ ಗೋಜಿಗೆ ಹೋಗದೆ, ಹಸಿರು ಇಂಕಿನಲ್ಲಿ ಬರೆದಿದ್ದರು: ರಜೆ ಮಂಜೂರು.

"ಇನ್ನೂ ನೌಕರಿಗೆ ಸೇರಿಲ್ಲ, ರಜಾ ಸಿಕ್ಕದಲ್ಲವಾ," ಎಂದೆ.

ಅವಳು ನಗಲಿಲ್ಲ. "ನನಗ ಇದೊಂದ ಪತ್ರ ಬರಿಯಾಕ ಬರ್ತದ್ರಿ ಸರ್. ನಾಕನೇತ್ತ್ಯಾಗ ಕಲಿಸಿದ್ರು."

"ಯಾರು ಕಲಿಸಿದ್ರು ಇದನ್ನ?" ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಅಕ್ಕೋರು," ಎಂದಳು. "ನಿಮ್ಮ ಮನಿಯವರು."

ನನ್ನ ಹೆಂಡತಿ ಕೊಂಕಲ್ಲಿನ ಶಾಲೆಯಲ್ಲಿ ಏಳು ವರ್ಷ ಶಿಕ್ಷಕಿಯಾಗಿದ್ದಳು. ಪತ್ರವನ್ನು ಇನ್ನೊಮ್ಮೆ ಓದಿದೆ. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ವೀಕ್ನೆಸ್

ಉಳಿದದ್ದು ಯಾದಗಿರಿಯದೇ ಒಂದು ಆಸ್ಪತ್ರೆ. ಅಷ್ಟರಲ್ಲಿ ಹೊಲದ ಅಂಚಿನ ಗಿಡಗಳಲ್ಲಿ ಹತ್ತಿ ಬಾಯಿ ಬಿಡುತ್ತಿದೆ ಎಂದು ಹುಡುಗಿ ವರದಿ ತಂದಳು.

ಇವರು ತಮ್ಮದೇ ಒಂದು ಫಾರಂ ಕೊಟ್ಟಿದ್ದರು. ಅದರಲ್ಲಿ ಸ್ಟ್ರೆಂಗ್ತ್ ಎಂದೊಂದು ಸಾಲು, ವೀಕ್ನೆಸ್ ಎಂದೊಂದು ಸಾಲು. ಅವಳು ತುಂಬಿಕೊಂಡು ಬಂದಿದ್ದಳು.

ಸ್ಟ್ರೆಂಗ್ತ್: ನೂರಾ ಇಪ್ಪತ್ತು ಬೆಡ್.

ವೀಕ್ನೆಸ್: ಮೊದಲು ಇತ್ತು. ಕಬ್ಬಿಣಾಂಶದ ಗುಳಿಗೆ ತೆಗೆದುಕೊಂಡ ಮೇಲೆ ಇಲ್ಲ.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. "ಅದು ಆಸ್ಪತ್ರೀದಲ್ಲವಾ, ನಿಂದು ಕೇಳ್ಯಾರ. ನಿನ್ನ ಒಳ್ಳೇ ಗುಣ ಏನು, ಕೊರತಿ ಏನು."

"ಕೊರತಿ ಬರದ್ರ ನೌಕರಿ ಯಾರ್ ಕೊಡ್ತಾರ್ರಿ?"

"ಕೊರತಿ ಅನ್ನಬೇಕು, ಆದ್ರ ಕೇಳಿದವರಿಗೆ ಒಳ್ಳೇದ ಅನಸಬೇಕು. ಕೆಲಸಕ್ಕ ಕುಂತ್ರ ಊಟ ಮರೀತೀನಿ, ಅಂಥಾದು."

"ನಾ ಊಟ ಮರ್ಯಾಂಗಿಲ್ರಿ." ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು. "ಒಂದ್ ಅದ್ರಿ. ಪೇಷಂಟ್ ಹೋದ್ರ ನನಗ ಅಳು ತಡ್ಯಾಂಗಿಲ್ಲ. ಬಾತ್ರೂಮಿಗೆ ಹೋಗಿ ಐದು ಮಿನಿಟ್ ಅತ್ತು, ಮಾರಿ ತೊಳಕೊಂಡು ಬಂದು, ಮತ್ತ ಕೆಲಸ ಮಾಡ್ತೀನಿ."

"ಅದನ್ನ ಬರಿ," ಎಂದೆ.

"ಬ್ಯಾಡ್ರಿ ಸರ್. ಡ್ಯೂಟಿ ಟೈಮಿನ್ಯಾಗ ಬಾತ್ರೂಮಿನಾಗ ಇರ್ತಾಳಂತ ತಿಳೀತಾರ."

ರೆಫರೆನ್ಸ್

ನನಗೆ ರೆಫರೆನ್ಸ್ ಎಂದರೆ ಹೊರಗೆ ಒಯ್ಯಲು ಬಿಡದ ಪುಸ್ತಕಗಳ ಕಪಾಟು. ಫಾರಂನಲ್ಲಿ ಅದರ ಅರ್ಥ ಬೇರೆ: ನಿಮ್ಮ ಕೆಲಸ ಬಲ್ಲ ಇಬ್ಬರ ಹೆಸರು, ಫೋನ್ ನಂಬರು. ಅವಳು ಮೊದಲ ಹೆಸರು ಬರೆದು ತಂದಿದ್ದಳು. ನನ್ನ ಹೆಂಡತಿಯದು. ನಂಬರೂ ಹೆಂಡತಿಯದೇ.

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ.

"ಅಕ್ಕೋರ ಹೇಳಿದ್ರ್ರಿ," ಎಂದಳು ಹುಡುಗಿ. "ಜಡಿ ಹಾಕುವಾಗ. ಮುಂದ ನಿನಗ ಯಾರದರ ಹೆಸರು ಬೇಕಾದ್ರ ನಂದು ಕೊಡು ಅಂತ."

"ಆಕಿ ಈಗ ಇಲ್ಲಲ್ಲವಾ."

"ಗೊತ್ತದ್ರಿ. ಆದ್ರ ಮಾತು ಹಿಂದ ತಗೊಂಡಿಲ್ಲಲ್ರಿ ಅವರು."

ಅದನ್ನು ಹೊಡೆದುಹಾಕಿ ನನ್ನ ಹೆಸರು ಬರಿ, ಎರಡನೆಯದಕ್ಕೆ ನಮ್ಮ ಪ್ರಾಂಶುಪಾಲರ ಹೆಸರು ಬರಿ ಎಂದೆ. ದೊಡ್ಡ ಮನುಷ್ಯರು, ಅವರ ಹೆಸರಿಗೊಂದು ತೂಕವಿದೆ. ಸತ್ತವರ ಹೆಸರು ನಡೆಯುವುದಿಲ್ಲ ಎಂದೂ ಹೇಳಿದೆ.

ಅವಳಿಗೆ ಒಪ್ಪಿಗೆಯಾಗಲಿಲ್ಲ. "ನಮ್ಮಜ್ಜ ಸತ್ತು ಹತ್ತು ವರ್ಷ ಆತು, ರೇಷನ್ ಕಾರ್ಡಿನ್ಯಾಗ ಅವನ ಹೆಸರು ಇನ್ನೂ ನಡ್ಯಾಕತ್ತದಲ್ರಿ."

ಮೊದಲ ರಿಂಗು

ಹೆಂಡತಿಯ ಫೋನು ನನ್ನ ಮೇಜಿನ ಡ್ರಾದಲ್ಲಿದೆ. ಭಾನುವಾರ ಮನೆಗೆ ಒಯ್ದು ಚಾರ್ಜ್ ಮಾಡಿ, ಸೋಮವಾರ ತಂದಿಡುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ, ಆದ್ದರಿಂದ ನಾನೂ ಯೋಚಿಸಿಲ್ಲ. ಅದಕ್ಕೆ ಬರುವುದು ರೀಚಾರ್ಜ್ ಮಾಡಿಸಿರೆಂಬ ಸಂದೇಶ ಮಾತ್ರ, ಅದನ್ನೂ ತಪ್ಪದೆ ಮಾಡಿಸುತ್ತೇನೆ.

ಒಂದು ಮಧ್ಯಾಹ್ನ ಅದು ಬಡಿದುಕೊಂಡಿತು. ಮೊದಲ ರಿಂಗಿಗೇ ಎತ್ತಿದೆ. ಎರಡನೆಯದನ್ನು ಕೇಳುವ ಧೈರ್ಯ ಇರಲಿಲ್ಲ.

ಯಾದಗಿರಿ ಆಸ್ಪತ್ರೆಯ ಮೇಟ್ರನ್. "ಮೇಡಂ ಅವರು ಅದಾರೇನ್ರಿ?"

"ಇಲ್ರಿ."

"ಹೊರಗ ಹೋಗ್ಯಾರೇನ್ರಿ?"

"ಹೋಗ್ಯಾಳ."

"ಎಷ್ಟೊತ್ತಿಗೆ ಬರ್ತಾರ?"

ನಾನು ಮೊದಲೇ ಮಾತು ಕಡಿಮೆಯವನು. "ಬರಂಗಿಲ್ರಿ. ಹ್ವಾದ ವರ್ಷ ತೀರ್ಕೊಂಡಾಳ. ನಾನು ಆಕಿ ಗಂಡ."

ಆ ಕಡೆ ಕಾಗದ ಮಗುಚುವ ಸದ್ದು. "ಒಂದ್ ಹುಡುಗಿ ಇವರನ್ನ ನಾನ ನೋಡ್ಕೊಂಡೀನಿ, ಕೇಳ್ರಿ ಅಂತ ಬರದಾಳ."

"ಖರೇನ ಅದ್ರಿ. ಭಾಳ ಛಲೊ ನೋಡ್ಕೊಂಡ್ಲು."

ಆ ಕಡೆ ಕಾಗದದ ಸದ್ದು ನಿಂತಿತು. ನಾನು ಹೇಳಿದ್ದು ಹೇಗೆ ಕೇಳಿಸಿರಬಹುದು ಎಂದು ಆಮೇಲೆ ಹೊಳೆಯಿತು. ಸರಿಪಡಿಸಲು ಹೋದೆ. "ಆಕಿ ನೋಡ್ಕೊಂಡದ್ದಕ್ಕ ತೀರ್ಕೊಂಡಿದ್ದಲ್ರಿ."

ಆ ಕಡೆ ಪೆನ್ನಿನ ಮುಚ್ಚಳ ಹಾಕಿದ ಸದ್ದು.

"ಏನೇನ್ ಮಾಡ್ತಿದ್ಲ್ರಿ?" ಕೊನೆಗೆ ಕೇಳಿದರು.

"ಜಡಿ ಹಾಕ್ತಿದ್ಲು."

"ಅದಲ್ರಿ. ನರ್ಸಿಂಗ್ ಕೆಲಸ."

"ಗುಳಿಗಿ, ಇಂಜೆಕ್ಷನ್ ಎಲ್ಲಾರೂ ಕೊಟ್ರ್ರಿ. ಜಡಿ ಆಕಿ ಒಬ್ಬಾಕಿನ ಹಾಕಿದ್ದು. ಕೊನೀ ದಿನ, ಎಲ್ಲಾ ಮುಗದ ಮ್ಯಾಲೂ ಹಾಕಿದ್ಲು. ಬಾತ್ರೂಮಿಗೆ ಹೋಗಿ ಬಂದು ಹಾಕಿದ್ಲು."

ಮೇಟ್ರನ್ ಬಾತ್ರೂಮಿಗೆ ಯಾಕೆ ಎಂದು ಕೇಳಲಿಲ್ಲ. ಎಷ್ಟು ವರ್ಷದ ಸರ್ವೀಸೋ ಅವರದು. "ಸೋಮವಾರ ಡ್ಯೂಟಿಗೆ ಬರಾಕ ಹೇಳ್ರಿ," ಎಂದರು. "ನಿಮ್ಮ ಪ್ರಾಂಶುಪಾಲರಿಗೆ ಎರಡು ದಿನದಿಂದ ಹಚ್ಚಾಕತ್ತೀನಿ, ಎತ್ತವಲ್ರು. ಇರಲಿ. ಮತ್ತ ಆಕಿಗೆ ಒಂದ್ ಮಾತು ಹೇಳ್ರಿ. ಇನ್ನ ಮ್ಯಾಲ ಜೀವಂತ ಇರೋರ ಹೆಸರು ಕೊಡಬೇಕಂತ."

ಕೈಯಲ್ಲಿದ್ದ ಫೋನಿನಿಂದಲೇ ಹುಡುಗಿಗೆ ಹಚ್ಚಿದೆ. ಅದು ಯಾರ ಫೋನು ಎಂಬುದು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ಬಹಳ ಮೆಲ್ಲಗೆ ಕೇಳಿಸಿತು. "ಅಕ್ಕೋರ?"

"ನಾನವಾ," ಎಂದೆ. "ನೌಕರಿ ಆತು. ಸೋಮವಾರ ಬಾ."

ಅವಳು ಅತ್ತಿಗೆಯ ಜೊತೆ ಹೊಲದಲ್ಲಿದ್ದಳು. ಹತ್ತಿ ಒಡೆದು ಎರಡು ದಿನವಾಗಿತ್ತು. ಹೊಲದಲ್ಲಿ ಬಾತ್ರೂಮಿರುವುದಿಲ್ಲ, ಆದ್ದರಿಂದ ನನಗೆ ಎಲ್ಲ ಕೇಳಿಸಿತು. ಐದು ಮಿನಿಟು ಕಾದೆ.

ಅವಳ ದನಿ ಸರಿಹೋದ ಮೇಲೆ ಮೇಟ್ರನ್ ಮಾತನ್ನು ಮುಟ್ಟಿಸಿದೆ. ನನ್ನ ಹೆಸರು ಬರಿ ಅಂದಿದ್ದೆನಲ್ಲ ಎಂದೂ ಗದರಿದೆ.

"ಮತ್ತ ಪ್ರಾಂಶುಪಾಲರು ಏನಂದ್ರಂತ್ರಿ?"

"ಎರಡು ದಿನ ಹಚ್ಯಾರ. ಎತ್ತಿಲ್ಲಂತ."

"ನೋಡ್ರಿ ಸರ್," ಎಂದಳು. "ಜೀವಂತ ಇದ್ದವರು ಎತ್ತಲಿಲ್ಲ. ಅಕ್ಕೋರು ಎತ್ತಿದ್ರು."