ಮೂರು ಅಂಕ, ಒಂದು ಹಿಮ್ಮಡಿ

ಡಾಕ್ಟರ್ ಓಕ್ಕೋ ಹಾರ್ಬರ್ಟ್ಸರಿಗೆ ಮೂರು ಅಂಕ ಕಡಿಮೆ ಬಿದ್ದಿತ್ತು. ಐವತ್ತೆಂಟರ ಪ್ರಾಯದಲ್ಲಿ, ಊರಿನ ಮೂರು ತಲೆಮಾರಿನ ನಾಲಿಗೆ ನೋಡಿದ ಮೇಲೂ, ಶಾಲೆ ಹುಡುಗನಂತೆ ಅಂಕಕ್ಕಾಗಿ ಪರದಾಡುವ ಗತಿ. ವೈದ್ಯರ ಮಂಡಳಿಗೆ ನಾಲಿಗೆಗಳ ಲೆಕ್ಕ ಬೇಡ. ಐದು ವರ್ಷಕ್ಕೆ ಇನ್ನೂರೈವತ್ತು ಅಂಕದಷ್ಟು ಪಾಠ ಕೇಳಿರಬೇಕು, ಅಷ್ಟೇ. ಹಾರ್ಬರ್ಟ್ಸರ ಹೆಸರಿನಲ್ಲಿದ್ದದ್ದು ಇನ್ನೂರ ನಲವತ್ತೇಳು. ಗಡುವು ಶನಿವಾರಕ್ಕೆ ಮುಗಿಯುತ್ತಿತ್ತು.

ಉಳಿದಿದ್ದ ದಾರಿ ಎರಡೇ. ಬುಧವಾರ ಮೂರು ಗಂಟೆಗೆ ಪಟ್ಟಣದ ಹೋಟೆಲಿನಲ್ಲಿ ಪ್ರೊಫೆಸರ್ ಲಿಂಡೆನಾವ್ ಅವರಿಂದ ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಉಪನ್ಯಾಸ, ಮೂರು ಅಂಕ. ಅದೇ ಉಪನ್ಯಾಸ ಶನಿವಾರ ಇನ್ನೊಮ್ಮೆ. ಆದರೆ ಶನಿವಾರ ಬೆಳಿಗ್ಗೆ ಹೆಂಡತಿ ಗೆಶೆಯ ಜೊತೆ ದ್ವೀಪಕ್ಕೆ ಹಡಗು ಹತ್ತಬೇಕು. ಮೂರು ಬೇಸಿಗೆಯಿಂದ ಈ ರಜೆ ಕೈತಪ್ಪುತ್ತಲೇ ಇತ್ತು.

"ನೋಡು ಓಕ್ಕೋ, ಈ ಸಲ ನೀನು ಹಡಗು ಹತ್ತದಿದ್ರೆ ನಾನು ನಮ್ಮಕ್ಕನ್ನ ಕರ್ಕೊಂಡು ಹೋಗ್ತೀನಿ. ನೀನು ನಿನ್ನ ಅಂಕಗಳ ಜೊತೆ ಸಂಸಾರ ಮಾಡ್ಕೊಂಡಿರು," ಎಂದು ಗೆಶೆ ಬೆಳಗ್ಗೆಯೇ ತೀರ್ಪು ಕೊಟ್ಟಿದ್ದಳು. ಹೀಗಾಗಿ ಇವತ್ತಿನ ಬುಧವಾರವೇ ಗತಿ.

ಇಪ್ಪತ್ತು ವರ್ಷದಿಂದ ಅವರ ಕ್ಲಿನಿಕ್ಕನ್ನೂ ಅವರನ್ನೂ ನಡೆಸಿಕೊಂಡು ಬಂದ ಅಂಟ್ಯೆ, ಅವರ ಹೆಸರಿನ ಬಾರ್‌ಕೋಡ್ ಚೀಟಿಗಳ ಹಾಳೆಯನ್ನು ಜೇಬಿಗೆ ತುರುಕಿದಳು.

"ಒಂದನ್ನ ಹಾಜರಿ ಪಟ್ಟೀಲಿ ಅಂಟಿಸ್ಬೇಕು, ಗೊತ್ತಲ್ಲ? ಹತ್ತು ನಿಮಿಷ ತಡ ಆದ್ರೂ ಮಂಡಳಿಯ ಆ ಬೋಕ್‌ಹೋಫಮ್ಮ ಒಳಗೆ ಬಿಡಲ್ಲ. ದಾರೀಲಿ ಯಾರ ಕೈಗೂ ಸಿಗ್ಬೇಡಿ ಡಾಕ್ಟ್ರೇ."

ಸಿಗಬಾರದು ಎಂದರೆ ಸಿಗದೆ ಇರುತ್ತಾರೆಯೇ? ಊರಾಚೆ ಕಾಲುವೆಯ ಮೇಲೆ, ದೋಣಿ ಬಂದಾಗ ಮೇಲೆತ್ತುವ ಸೇತುವೆಯ ಬಳಿ, ಅದನ್ನು ಕಾಯುವ ಹಿನ್ನರ್ಕ್ ಒಂದೇ ಚಪ್ಪಲಿಯಲ್ಲಿ ರಸ್ತೆಯ ನಡುವೆ ನಿಂತು ಅವರ ಕಾರಿಗೆ ಕೈ ಅಡ್ಡ ಹಿಡಿದ.

"ಮೊಯಿನ್, ನಮಸ್ಕಾರ ಡಾಕ್ಟ್ರೇ! ದೇವರು ಬಂದ ಹಾಗೆ ಬಂದ್ರಿ. ಹಿಮ್ಮಡೀಲಿ ಒಂದು ತೂತು ಬಿದ್ದಿದೆ, ಒಂದು ಚೂರು ನೋಡಿ."

"ನಾಳೆ ಕ್ಲಿನಿಕ್ಕಿಗೆ ಬಾರಯ್ಯ!"

"ನಾಳೇನೂ ನನ್ನ ಪಾಳಿ. ಕೆಟಲ್ ಬೇರೆ ಕುದೀತಿದೆ."

ಈ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ ಒಬ್ಬನ ಚಹಾ ಬೇಡ ಎನ್ನುವುದು ಅವನ ತಾಯಿಯನ್ನು ಬೈದ ಹಾಗೆ. ಕುಡಿದರೆ ಮೂರು ಕಪ್ ಕುಡಿಯಬೇಕು. ಎರಡಕ್ಕೇ ಎದ್ದರೆ ಆ ಮನೆಯ ಮೊಮ್ಮಕ್ಕಳೂ ಮರೆಯುವುದಿಲ್ಲ. ಹಾರ್ಬರ್ಟ್ಸರು ಕಲ್ಲುಸಕ್ಕರೆ ಕರಗಲೂ ಬಿಡದೆ ಮೂರು ಕಪ್ ಸುರಿದುಕೊಂಡು ನಾಲಿಗೆ ಸುಟ್ಟುಕೊಂಡರು. ನಡುನಡುವೆ ಹಿಮ್ಮಡಿಯನ್ನೂ ನೋಡಿದರು. ಹುಣ್ಣು ನಿಜಕ್ಕೂ ಕೆಟ್ಟದಾಗಿತ್ತು, ಅವರಿಗೆ ಕೋಪ ಬಂತು.

"ಸಕ್ಕರೆ ಕಾಯಿಲೆ ಇಟ್ಕೊಂಡು ಈ ಕಾಲಲ್ಲಿ ನಡೀತೀಯಾ? ಕಾಲೇ ಹೋಗುತ್ತೆ! ಔಷಧಿ ಹಚ್ಚಿ ಕಟ್ಟಿದ್ದೀನಿ. ಇನ್ನು ಕಾಲು ಮೇಲಿಟ್ಕೊಂಡು ಕೂತಿರು. ನೆಲಕ್ಕೆ ತಾಗಿಸ್ಬೇಡ. ಯಾರು ಕರೆದ್ರೂ ಏಳ್ಬೇಡ!"

"ಒಂದು ಹಾಯಿದೋಣಿ ಬರ್ತಿದೆ. ನೀವು ದಾಟಿದ ತಕ್ಷಣ ಸೇತುವೆ ಎತ್ತಿಬಿಟ್ಟು ಕೂತ್ಕೋತೀನಿ," ಎಂದ ಹಿನ್ನರ್ಕ್ ವಿಧೇಯನಾಗಿ.

ಹೋಟೆಲ್ ಮುಟ್ಟಿದಾಗ ಮೂರು ದಾಟಿ ಹನ್ನೆರಡು ನಿಮಿಷ. ಬಾಗಿಲಲ್ಲಿ ಬೋಕ್‌ಹೋಫಮ್ಮ ಹಾಜರಿ ಪಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದರು.

"ನಿಮ್ಮ ಪುಣ್ಯ ಡಾಕ್ಟರ್ ಹಾರ್ಬರ್ಟ್ಸ್, ಪ್ರೊಫೆಸರೇ ಇನ್ನೂ ಬಂದಿಲ್ಲ. ಅಂಟಿಸಿ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಹಾರ್ಬರ್ಟ್ಸರು ಚೀಟಿ ಅಂಟಿಸಿ, ಅದರ ಮೇಲೆ ಎರಡು ಸಲ ಹೆಬ್ಬೆರಳು ಒತ್ತಿದರು. ಕಣ್ಣ ಮುಂದೆ ಸಮುದ್ರ ಕಂಡಿತು, ಗೆಶೆ ನಗುತ್ತಿದ್ದಳು.

ಮೂರೂವರೆಯಾದರೂ ಪ್ರೊಫೆಸರರ ಸುಳಿವಿಲ್ಲ. ಫೋನೂ ಎತ್ತುತ್ತಿಲ್ಲ.

"ಉಪನ್ಯಾಸ ಇಲ್ಲ ಅಂದ್ರೆ ಅಂಕ ಇಲ್ಲ. ಎಲ್ಲರೂ ಮನೆಗೆ ಹೋಗ್ಬಹುದು," ಎಂದರು ಬೋಕ್‌ಹೋಫಮ್ಮ.

ಇಪ್ಪತ್ತು ಮಂದಿ ವೈದ್ಯರು ಒಟ್ಟಿಗೆ ನರಳಿದರು. ಪಕ್ಕದೂರಿನ ಡಾಕ್ಟರ್ ವೂಬ್ಬೆನಾ, ಇನ್ನೊಬ್ಬರನ್ನು ನೀರಿಗೆ ತಳ್ಳಿ ಈಜು ನೋಡುವ ಆಸಾಮಿ, ಎದ್ದು ನಿಂತರು. "ನಮ್ಮ ಓಕ್ಕೋ ಮಾತಾಡ್ಲಿ! ಮೂವತ್ತು ವರ್ಷದಿಂದ ರೈತರ ಪಾದ ನೋಡ್ತಿದ್ದಾನೆ. ಏಳಪ್ಪಾ, ನಾಚ್ಕೋಬೇಡ."

"ಯಾರಾದ್ರೂ ವೈದ್ಯರು ಮಾತಾಡಿದ್ರೆ ನಿಯಮಕ್ಕೆ ಸಾಕು," ಎಂದು ಬೋಕ್‌ಹೋಫಮ್ಮ ಒಪ್ಪಿದರು.

ಹಾರ್ಬರ್ಟ್ಸರಿಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಆದರೆ ಗೆಶೆಯ ಅಕ್ಕನ ಮುಖ ನೆನಪಾಯಿತು, ಎದ್ದರು. ಮೊದಲ ಐದು ನಿಮಿಷ ಬೆವರು ಒರೆಸುವುದರಲ್ಲೇ ಹೋಯಿತು. ಆಮೇಲೆ ರಬ್ಬರ್ ಬೂಟಿನಲ್ಲಿ ಮೊಳೆ ಇಟ್ಟುಕೊಂಡು ವಾರವಿಡೀ ತಿರುಗಿದವರು, ಹುಣ್ಣಿಗೆ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಮೆತ್ತಿದವರು ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಸಭೆ ನಕ್ಕಿತು. ಕೆಲವರು ಬರೆದುಕೊಂಡರು ಕೂಡ.

"ಇವತ್ತೇ ಒಬ್ಬನ ಕಾಲು ನೋಡಿ ಬಂದೆ," ಎಂದು ಮುಗಿಸಿದರು. "ಕಾಲು ಮೇಲಿಟ್ಟು ಕೂರಯ್ಯ, ಏಳ್ಬೇಡ ಅಂದಿದ್ದೀನಿ. ಕೇಳ್ತಾನಾ? ಕೇಳಲ್ಲ. ನಮ್ಮ ಜನ ಡಾಕ್ಟರ ಮಾತು ಕೇಳಲ್ಲ, ಅದೇ ನಮ್ಮ ನಿಜವಾದ ಕಾಯಿಲೆ!"

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬಾಗಿಲು ದಡಾರನೆ ತೆರೆಯಿತು. ಕೆಂಪೇರಿದ ಮುಖದ ಪ್ರೊಫೆಸರ್ ಲಿಂಡೆನಾವ್!

"ಒಂದು ಗಂಟೆ ಸೇತುವೆ ಮುಂದೆ ನಿಂತಿದ್ದೆ! ಮೇಲೆತ್ತಿದ್ದು ಇಳಿಸ್ತಾನೇ ಇಲ್ಲ. ಆ ಕಾವಲುಗಾರ ಸ್ಟೂಲಿನ ಮೇಲೆ ಕಾಲು ಹಾಕ್ಕೊಂಡು ಕೂತಿದ್ದಾನೆ. ಕೇಳಿದ್ರೆ, ಡಾಕ್ಟರು ಏಳ್ಬೇಡ ಅಂದಿದ್ದಾರೆ ಅಂತಾನೆ! ಸುತ್ತು ಬಳಸಿ ಬಂದೆ. ಯಾವ ಕತ್ತೆ ಹಾಗೆ ಹೇಳಿದ್ದು?"

ಸಭೆ ತಲೆ ತಿರುಗಿಸಿ ಹಾರ್ಬರ್ಟ್ಸರನ್ನು ನೋಡಿತು. ಅವರು ತಮ್ಮ ಬೂಟು ನೋಡಿಕೊಂಡರು.

ದೇವರು ಕೊಟ್ಟರೂ ಪೂಜಾರಿ ಕೊಡನಂತೆ. ಹಾರ್ಬರ್ಟ್ಸರು ಹೊರಡುವಾಗ ಬೋಕ್‌ಹೋಫಮ್ಮ ಹಾಜರಿ ಪಟ್ಟಿಯ ಮೇಲಿನ ಅವರ ಚೀಟಿಯನ್ನು ಉಗುರಿನಿಂದ ಕೆರೆದು ಕೀಳುತ್ತಿದ್ದರು.

"ಅಯ್ಯೋ, ಏನಮ್ಮಾ ಮಾಡ್ತಿದ್ದೀರಿ!"

"ಈ ಅಂಕ ಪಾಠ ಕೇಳಿದವರಿಗೆ. ನೀವು ಕೇಳಲಿಲ್ಲ, ಹೇಳಿದ್ರಿ."

"ಹೇಳಿದವರಿಗೆ ಅಂಕ ಇಲ್ವಾ?"

"ಇದೆ. ಆದ್ರೆ ಅದು ಮೊದಲೇ ಪ್ರೊಫೆಸರ್ ಹೆಸರಲ್ಲಿ ಮಂಜೂರಾಗಿದೆ. ಬೇಜಾರ್ ಮಾಡ್ಕೋಬೇಡಿ, ಶನಿವಾರ ಇದೆಯಲ್ಲ." ಅವರು ದನಿ ತಗ್ಗಿಸಿದರು. "ಅಂದ ಹಾಗೆ ಶನಿವಾರ ಪ್ರೊಫೆಸರ್ ಈ ಕಡೆ ತಲೆ ಹಾಕಲ್ವಂತೆ. ನೀವೇ ಮಾತಾಡ್ಬೇಕು ಅಂತ ಡಾಕ್ಟರ್ ವೂಬ್ಬೆನಾ ಸೂಚಿಸಿದ್ರು. ಎಲ್ಲರೂ ಕೈ ಎತ್ತಿದ್ರು."

ಹಾರ್ಬರ್ಟ್ಸರಿಗೆ ಅಳು ಬಂತು. ಕಾರಿನಿಂದ ಗೆಶೆಗೆ ಫೋನು ಮಾಡಿದರು. ಅವಳು ಪೂರ್ತಿ ಕೇಳಿಸಿಕೊಂಡು, "ಅಕ್ಕನ ಪೆಟ್ಟಿಗೆ ಆಗಲೇ ಕಟ್ಟಿ ಆಗಿದೆ," ಎಂದಷ್ಟೇ ಹೇಳಿದಳು. ಎದುರಿಗೆ ಹೋಗಿ ಕಾಲಾದರೂ ಹಿಡಿಯೋಣ ಎಂದು ಹಾರ್ಬರ್ಟ್ಸರು ಮನೆಯ ಕಡೆ ಕಾರು ಓಡಿಸಿದರು.

ಕಾಲುವೆಯ ಬಳಿ ಸೇತುವೆ ಇನ್ನೂ ಆಕಾಶ ನೋಡುತ್ತಿತ್ತು. ಆಚೆ ದಡದಲ್ಲಿ ಹಿನ್ನರ್ಕ್ ಕಾಲು ಮೇಲಿಟ್ಟುಕೊಂಡು ರಾಜನಂತೆ ಕೂತಿದ್ದ. ಇವರನ್ನು ಕಂಡವನೇ ಖುಷಿಯಿಂದ ಟೋಪಿ ಬೀಸಿ ಕೂಗಿದ:

"ಡಾಕ್ಟ್ರೇ! ನೀವು ಹೇಳಿದ್ದು ಚಾಚೂ ತಪ್ಪಿಲ್ಲ! ಎಷ್ಟು ದಿನ ಅಂತ ಮಾತ್ರ ಹೇಳೋಕೆ ಮರೆತುಬಿಟ್ರಿ!"