ಸಹಿ ಮಾಡಿದ ಕಟ್ಟಿ

ದೇವಣಗಾಂವದ ನಮ್ಮ ಕಾಕಾನಷ್ಟು ದೊಡ್ಡ ಮನುಷ್ಯ ನಿಮ್ಮ ಬಳಗದಲ್ಲಿ ಇರಲಿಕ್ಕಿಲ್ಲ. ಒಮ್ಮೆಯೂ ಪಂಚಾಯಿತಿ ಮೆಂಬರಾಗದ ಈ ಒಂಟಿಜೀವ ಮಾತಾಡುವುದೆಲ್ಲ ಜಗತ್ತಿನ ಪರವಾಗಿ! ತಂಬಾಕಿಗೆ ಕಡಿವಾಣ ಹಾಕಲು ದೇಶದೇಶಗಳು ಕೂಡಿ ಒಪ್ಪಂದ ಮಾಡಿಕೊಂಡಿವೆಯಲ್ಲ, ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅದನ್ನು ಎಲ್ಲೋ ಓದಿದ. ಅಲ್ಲಿಗೆ ಶುರುವಾಯಿತು ನೋಡಿ ಗ್ರಹಚಾರ.

ಸಂಜೆಯಾದರೆ ಕಾಕಾನ ಮನೆಯ ಕಟ್ಟಿಯ ತುಂಬ ಜನ. ಚಂಚಿ ಚೀಲ ಬಿಚ್ಚಿ, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ, ಪಕ್ಕದವನಿಗೊಂದು ಚಿಟಿಕೆ ಕೊಟ್ಟರೇನೇ ಅಲ್ಲಿ ಮಾತು ಶುರು. ಒಂದು ದಿನ ಕಾಕಾ ಎದ್ದು ನಿಂತ.

"ದೇಶ ಸಹಿ ಮಾಡೈತಿ. ಅಂದ್ರ ಈ ಕಟ್ಟಿನೂ ಸಹಿ ಮಾಡಿಧಂಗ. ಚಂಚಿ ಇದ್ದಾವ್ರು ಏಳ್ರಿ!"

ಎದ್ದರು. ಎಲ್ಲರೂ ಎದ್ದರು! ಎದುರುಮನೆಯ ಕಟ್ಟಿಗೆ ಹೋಗಿ ಕೂತರು. ಆ ಮನೆ ಕಾಕಾನ ಬಾಲ್ಯದ ಗೆಳೆಯನದು. ಅಂದಿನಿಂದ ನಡುವಿನ ಓಣಿ ಅಂತರರಾಷ್ಟ್ರೀಯ ಗಡಿಯಾಯಿತು.

"ಲೇ ಮಾಸ್ತರ, ನಿನ್ನ ದೇಶದಾಗ ಮಂದಿ ಎಷ್ಟು ಅದಾರೋ?" ಗೆಳೆಯ ದಿನಾ ಆಚೆಯಿಂದ ಕೂಗುತ್ತಿದ್ದ.

"ನಾ ಒಬ್ಬನ ಸಾಕು. ಸಹಿ ಮಾಡದ ದೇಶದಾಂವ ನೀ, ಬಾಯಿ ಮುಚ್ಚು!"

ಆದರೂ ಕಾಕಾ ದಿನಾ ಕಟ್ಟಿ ಗುಡಿಸಿ, ಉದ್ದಕ್ಕೂ ಜಮಖಾನ ಹಾಸಿ, ಪರಾತದ ತುಂಬ ಚುರುಮುರಿ ತಂದಿಡುತ್ತಿದ್ದ. ಯಾರಿಗೆ? ಕೇಳಿಯೇಬಿಟ್ಟೆ.

"ಬಿಡಬೇಕನ್ನಾವ್ರಿಗೆ ನೆರವು ಕೊಡ್ರಿ ಅಂತ ಒಪ್ಪಂದದಾಗ ಬರದೈತಿ. ಯಾರರ ಬಂದ್ರ?"

ಯಾರೂ ಬರುತ್ತಿರಲಿಲ್ಲ. ಕತ್ತಲಾದ ಮೇಲೆ ಮೆತ್ತಗಾದ ಚುರುಮುರಿಯನ್ನು ತಾನೇ ಒಳಗೊಯ್ಯುತ್ತಿದ್ದ. ಮೊದಮೊದಲು ನಗುತ್ತಿದ್ದೆ. ಆಮೇಲೆ ನೋಡಲಾಗದೆ ಬೇಗ ಎದ್ದು ಹೊರಡುತ್ತಿದ್ದೆ.

ಮೊನ್ನೆ ಹೋದಾಗ ಎದುರಿನ ಕಟ್ಟಿಯಿಂದ ಕೂಗು ಬರಲಿಲ್ಲ. ಗೆಳೆಯನಿಗೆ ಬಾಯಿ ಪೂರ್ತಿ ತೆರೆಯಲು ಬರುತ್ತಿಲ್ಲ, ರೊಟ್ಟಿ ತುಣುಕೂ ಹೋಗುತ್ತಿಲ್ಲ. ತಂಬಾಕು ಬಿಡಲೇಬೇಕು ಎಂದಿದ್ದಾರಂತೆ ವಿಜಯಪುರದ ಡಾಕ್ಟರು. ಕಾಕಾ ಗೆದ್ದನಲ್ಲ ಎಂದುಕೊಂಡೆ. ಗೆದ್ದವನ ಮುಖವೇ ಅದು?

"ಬಾಯಿ ಮುಚ್ಚು ಅಂತಿದ್ನಿ ಅವಗ," ಎಂದ. "ಖರೇನ ಮುಚ್ಚಂತಿದ್ನೇನೋ ನಾ?"

ಅಷ್ಟರಲ್ಲಿ ಗೆಳೆಯ ಓಣಿ ದಾಟಿ ಬಂದ. ಕೈಯಲ್ಲಿ ಚಂಚಿ ಇರಲಿಲ್ಲ. ಜಮಖಾನದ ಮೇಲೆ ಕೂತ. ಕಾಕಾ ಚುರುಮುರಿ ಒಳಗೊಯ್ದು, ಹಾಲಿನಲ್ಲಿ ನೆನೆಸಿ, ಬಟ್ಟಲು ಚಮಚ ತಂದು ಅವನ ಮುಂದಿಟ್ಟ. ಒಪ್ಪಂದದ ಒಂದು ಮಾತೂ ಆಡಲಿಲ್ಲ.

"ಲೇ, ಏನರ ಬೈಯೋ ನನಗ," ಎಂದ.

ಗೆಳೆಯ ತೆರೆದಷ್ಟೇ ಬಾಯಲ್ಲಿ ಕಷ್ಟಪಟ್ಟು ಕೇಳಿದ:

"ನಿನ್ನ ದೇಶದಾಗ... ಮಂದಿ ಎಷ್ಟೋ?"

ಕಾಕಾ ಕಣ್ಣೊರೆಸಿಕೊಂಡ. "ಇಬ್ರು," ಎಂದ.