ಕಟ್ಟೆಯ ಮೇಲಿನ ಎಲೆ ಅಡಿಕೆ

ಸಂಬಳವಿಲ್ಲದೆ ದುಡಿಯುವವನಿಗೆ ಇರುವಷ್ಟು ಗತ್ತು ಸಂಬಳ ಎಣಿಸಿಕೊಳ್ಳುವ ಸಾಹೇಬನಿಗೂ ಇರುವುದಿಲ್ಲ. ಇದು ನನ್ನ ಸ್ವಂತ ಅನುಭವ. ಚಲೇಜಾವ್ ಚಳವಳಿಯ ಕಾಲದಲ್ಲಿ ನಾನು ಹಾನಗಲ್ಲಿನ ಒಂದು ಕಚೇರಿಯಲ್ಲಿ ಉಮೇದವಾರನಾಗಿದ್ದೆ. ಉಮೇದವಾರನೆಂದರೆ ಪುಕ್ಕಟೆ ದುಡಿಯುತ್ತ, ಕೆಲಸ ಕಲಿಯುತ್ತ, ಎಂದಾದರೂ ಒಂದು ಜಾಗ ಖಾಲಿಯಾದೀತೆಂದು ಬಾಯಿ ತೆರೆದು ಕುಳಿತ ಪ್ರಾಣಿ. ನನ್ನ ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಚಿಕ್ಕೇರೂರಿನಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ಆದರೆ ಅವಳಪ್ಪ, "ಹುಡುಗ ಕಾಯಂ ಆಗ್ಲಿ, ಆಮ್ಯಾಲೆ ಮದಿವಿ ಅಕ್ಕಿಕಾಳು ನೋಡೂಣು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಮಾಸೂರಿನಿಂದ ಹೊರಡುವಾಗ ನನ್ನಪ್ಪ, "ಕಚೇರ್ಯಾಗ ಬಾಯಿ ಬಿಡಬ್ಯಾಡ, ಯಾರ ಕೈಯಿಂದನೂ ಏನೂ ಇಸಗೋಬ್ಯಾಡ" ಎಂದಿದ್ದ. ಅವನು ಹೇಳಿದ್ದು ಲಂಚದ ಮಾತು. ನಾನು ಅದನ್ನು ಎಲೆ ಅಡಿಕೆಯವರೆಗೂ ಎಳೆದೆ. ಮಧ್ಯಾಹ್ನ ಕಾರಕೂನರೆಲ್ಲ ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದರು. ಚುರುಮುರಿಗೆ ಸವಣೂರಿನ ಖಾರ ಬೆರೆಸಿ ತಿಂದ ಮೇಲೆ ಹಿರಿಯ ಕಾರಕೂನ ಗುರುಪಾದಪ್ಪನವರು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ ಒಬ್ಬೊಬ್ಬರಿಗೂ ತಮ್ಮ ಕೈಯಾರೆ ಕೊಡುತ್ತಿದ್ದರು. ಆಮೇಲೆ ಮಾತು.

"ಬರ್ರಿ ತಮ್ಮಾ, ಎಲಿ ಹಾಕ್ಕೋರಿ" ಎಂದು ನನ್ನನ್ನೂ ಕರೆದರು.

"ಬ್ಯಾಡ್ರಿ, ಕೆಲಸ ಐತ್ರಿ" ಎಂದು ನಾನು ಕಟ್ಟೆಗೆ ತಾಗಿದ ಕಿಟಕಿಯ ಒಳಬದಿಗೆ ಕುಳಿತು, ತಲೆ ಎತ್ತದೆ ಬರೆಯುತ್ತಿದ್ದೆ. ಎಂಥ ಶಿಸ್ತು! ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಳ್ಳುವುದೊಂದು ಬಾಕಿ. ಬರಬರುತ್ತ ಅವರು ಕರೆಯುವುದನ್ನೇ ಬಿಟ್ಟರು. ನಾನು ಕಿಟಕಿಯ ಬಳಿ ಬಂದು ಕುಳಿತರೆ ಕಟ್ಟೆಯ ಮೇಲಿನ ನಗು ನಿಲ್ಲುತ್ತಿತ್ತು. ಗುರುಪಾದಪ್ಪನವರು ದೂರದಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಅಕ್ಷರಕ್ಕೆ ಮನಸೋತಿದ್ದಾರೆಂದು ನಾನು ಉಬ್ಬಿದೆ.

ಅಷ್ಟರಲ್ಲಿ ಶಿಗ್ಗಾವಿಯಲ್ಲಿ ಒಂದು ಜಾಗ ಖಾಲಿಯಾಯಿತು. ಕಾರಕೂನರೆಲ್ಲ ಒಟ್ಟಾಗಿ ಸಾಹೇಬರ ಮುಂದೆ ನಿಂತು, ಇಂಥ ಹುಡುಗ ಸಿಗುವುದು ಅಪರೂಪ ಎಂದು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಕಾಯಂ ಆದೆ! ಸಂತೋಷಕ್ಕೆ ನನಗೆ ಆ ದಿನ ಊಟವೇ ಸೇರಲಿಲ್ಲ. ಬೀಳ್ಕೊಡುವ ದಿನ ಹಾರ, ಪೇಢೆ ಎಲ್ಲ ಆಯಿತು. ಮೋಟಾರಿನವರೆಗೆ ಟ್ರಂಕು ಹೊತ್ತು ತಂದ ಕಚೇರಿಯ ಪಟ್ಟೇವಾಲ ಹಸನಸಾಬನಿಗೆ, "ಎಷ್ಟು ಪ್ರೀತಿ ನೋಡಪಾ ಎಲ್ಲಾರಿಗೂ" ಎಂದೆ.

ಅವನು ಅತ್ತಿತ್ತ ನೋಡಿ, "ಪ್ರೀತಿ ಎಲ್ಲೀದ್ರಿ? ನೀವು ಮ್ಯಾಲಿನವರು ಬಿಟ್ಟ ಸಿಐಡಿ ಅಂತ ಅವರಿಗೆ ಖಾತ್ರಿ ಆಗೇತ್ರಿ. ಅದಕ್ಕ ಹೊಗಳಿ ಹೊಗಳಿ ಇಲ್ಲಿಂದ ಸಾಗಹಾಕ್ಯಾರ್ರಿ" ಎಂದ.

"ನಾನಾ? ಸಿಐಡಿನಾ?"

"ಆ ಕಟ್ಟಿ ಮ್ಯಾಲೆ ಎಲಿ ತಗೊಂಡಾಂವ ಅಲ್ಲಿ ಮಾತು ಹೊರಗ ಹಾಕಂಗಿಲ್ರಿ. ನೀವು ಎಲಿ ಒಲ್ಲೆ ಅಂದ್ರಿ, ಕಿಟಕಿಗೆ ಕಿವಿ ಹಚ್ಚಿ ಕುಂತ್ರಿ. ಗುರುಪಾದಪ್ಪನೋರ ಅಳಿಯ ಚಳವಳಿಗೆ ಹೋಗಿ ತಲಿ ಮರೆಸ್ಯಾನ್ರಿ. ಆ ಮಾತು ಅವರು ಅಲ್ಲೇ ಆಡಿದ್ರು. ಅವತ್ತಿನಿಂದ ಪಾಪ, ನಿದ್ದಿ ಇಲ್ರಿ ಅವರಿಗೆ."

ದೇವರಾಣೆಗೂ ನಾನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಅಕ್ಷರ ದುಂಡಗೆ ಬರಲೆಂದು ಒದ್ದಾಡುತ್ತಿದ್ದೆ, ಅಷ್ಟೆ. ಆ ವೃದ್ಧರು ನೋಡುತ್ತಿದ್ದುದು ನನ್ನ ಅಕ್ಷರವನ್ನಲ್ಲ ಎಂದು ತಿಳಿದಾಗ ಓಡಿಹೋಗಿ ಅವರ ಕಾಲು ಹಿಡಿಯಬೇಕೆನ್ನಿಸಿತು. "ಅವರಿಗೆ ಹೇಳಪಾ, ನಾನು ಅಂಥಾವ ಅಲ್ಲ" ಎಂದು ಹಸನಸಾಬನ ಕೈ ಹಿಡಿದುಕೊಂಡೆ. "ಹೇಳ್ತೇನ್ರಿ. ನಂಬೂದು ಕಷ್ಟ ಐತಿ" ಎಂದ. ಮೋಟಾರು ಹೊರಟಿತು.

ಶಿಗ್ಗಾವಿಯಲ್ಲಿ ಮೊದಲ ದಿನವೇ ಎಲೆಗೆ ಎರಡೂ ಕೈ ಒಡ್ಡಿದೆ. ಮಾತಿಗೆ ಕುಳಿತರೆ ಏಳುತ್ತಿರಲಿಲ್ಲ. ಮಾಸೂರಿನ ಕೆರೆಯಿಂದ ಹಿಡಿದು ಮುಂದಿನ ತಿಂಗಳೇ ನನ್ನ ಕೈಹಿಡಿದ ಚಿಕ್ಕೇರೂರಿನವಳ ಸಿಟ್ಟಿನವರೆಗೆ ಎಲ್ಲವನ್ನೂ ಹೇಳುತ್ತಿದ್ದೆ. ಯಾರಾದರೂ ಲೆಕ್ಕ ಕೂಡಿಸುತ್ತಿದ್ದರೆ ಪಕ್ಕದಲ್ಲಿ ನಿಂತು ಸುಖದುಃಖ ವಿಚಾರಿಸುತ್ತಿದ್ದೆ. ಇಲ್ಲಿಯಾದರೂ ನಾನು ಎಲ್ಲರಿಗೂ ಬೇಕಾದವನಾದೆನೆಂದು ನೆಮ್ಮದಿಯಾಗಿದ್ದೆ. ಒಂದು ಮಧ್ಯಾಹ್ನ ಸಾಹೇಬರು ಕರೆಸಿ, "ಹಿರೇಕೆರೂರಾಗ ಒಂದು ಜಾಗಾ ಐತಿ. ನಿಮ್ಮಂಥ ಮನಷ್ಯಾ ಇನ್ನೊಬ್ಬ ಸಿಗೂದಿಲ್ಲಂತ ನಮ್ಮ ಕಾರಕೂನರೆಲ್ಲಾ ಒಂದ ಬಾಯಿಲೆ ಹೇಳಾಕತ್ತಾರ" ಎಂದರು.

ಬಾಯಿತುಂಬ ಎಲೆಯಿದ್ದುದರಿಂದ ಆ ದಿನ ಮಾತ್ರ ನಾನು ಏನೂ ಮಾತಾಡಲಿಲ್ಲ.